ಬೊನ್ವಾಂ ಹೆಸರಿಗಿಂತ ಮುಂಚೆ

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಆಂಟಿ, ದಿನವಿಡೀ ಸತ್ತವರ ಹೆಸರು ಹುಡುಕ್ತಾ ಕೂತ್ರೆ ಬೋರ್ ಆಗಲ್ವಾ?" ಎಂದು. ಬೋರ್ ಆಗುವುದಿಲ್ಲ. ಆಗುವುದು ಬೇರೆಯೇ. ಅದನ್ನು ಒಂದು ಮಾತಿನಲ್ಲಿ ಹೇಳಲು ನನಗೆ ಬಾರದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನೀವೇ ನೋಡಿಕೊಳ್ಳಿ.

ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜುಗಳ ಸಾಲಿನ ನಡುವೆ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಏಸಿಯಿಂದ ತೊಟ್ಟಿಕ್ಕುವ ನೀರಿನ ಸದ್ದು. ಫ್ರೆಂಚ್, ಅರಬ್ಬಿ, ಇಂಗ್ಲಿಷ್ ಮೂರರ ನಡುವೆ ಕಾಗದಪತ್ರ ಅನುವಾದ ಮಾಡಿಕೊಡುವುದು ಅಲ್ಲಿನ ಮುಖ್ಯ ಕಸುಬು. ಮಸ್ಕತ್ತಿನಲ್ಲಿ ಫ್ರೆಂಚಿಗೇನು ಕೆಲಸ ಎನ್ನಬೇಡಿ. ಬುರುಂಡಿ, ಕಾಂಗೊ ಕಡೆ ನೆಲೆಸಿದ್ದು ತಿರುಗಿ ಬಂದ ಒಮಾನಿ ಕುಟುಂಬಗಳು ಬೇಕಾದಷ್ಟಿವೆ. ಆ ಮನೆಗಳಲ್ಲಿ ಅಜ್ಜಿ ಆಡುವುದು ಸ್ವಾಹಿಲಿ, ಮೊಮ್ಮಕ್ಕಳು ಆಡುವುದು ಅರಬ್ಬಿ, ನಡುವಿನವರ ಶಾಲೆಯ ಸರ್ಟಿಫಿಕೇಟುಗಳೆಲ್ಲ ಫ್ರೆಂಚ್. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಯಾರೋ ಜನವರಿ ಒಂದು ಎಂದು ಬರೆದುಕೊಟ್ಟಿರುತ್ತಾರೆ. ಒಮ್ಮೆ ಐದು ಜನ ಅಕ್ಕತಂಗಿಯರು ಬಂದರು, ಐವರೂ ಜನವರಿ ಒಂದು. ಕಿರಿಯವಳು ಕೇಕು ತಂದು ನಮಗೂ ಹಂಚಿದಳು.

ಇದರ ಜೊತೆಗೆ ಇನ್ನೊಂದು ಕಸುಬಿತ್ತು. ಫ್ರೆಂಚ್ ಮನೆತನದ ಹೆಸರು ಎಲ್ಲಿಂದ ಹುಟ್ಟಿತು, ಯಾವ ಊರಿನಿಂದ ಯಾವ ಊರಿಗೆ ಹೋಯಿತು ಎಂದು ಹುಡುಕಿ, ವಂಶವೃಕ್ಷ ಬರೆದುಕೊಡುವುದು. ಇಲ್ಲಿ ಕೆಲಸಕ್ಕೆಂದು ಬಂದ ಫ್ರೆಂಚರು ರಜೆಯ ಹುಮ್ಮಸ್ಸಿನಲ್ಲಿ ಕೇಳುತ್ತಿದ್ದರು. ನಾನು ಮಾಡಿದ್ದು ಹೆಚ್ಚಾಗಿ ಇದನ್ನೇ.

ನಾನು ಫ್ರೆಂಚ್ ಕಲಿತದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಉಚ್ಚಾರ ತಪ್ಪಿದರೆ ನಮ್ಮ ಸಿಸ್ಟರ್ ಬೈಯುತ್ತಿರಲಿಲ್ಲ. ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಕೈಗೆ ಕೊಟ್ಟು, "ನಿನ್ನ ತುಟಿ ನೀನೇ ನೋಡು" ಎನ್ನುತ್ತಿದ್ದರು. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ಆ ಭಾಷೆ ಟ್ರಂಕಿನ ತಳದ ರೇಷ್ಮೆ ಸೀರೆಯಂತೆ ಮಡಿಚಿಕೊಂಡು ಕೂತಿತ್ತು. ಅಡುಗೆ, ಮಗಳ ಸ್ಕೂಲು, ನಮ್ಮವರ ಟಿಫಿನ್ ಡಬ್ಬಿ. ಇಷ್ಟೇ ನನ್ನ ದಿನ. ಒಂದು ಸಂಜೆ ಹೈಪರ್‌ಮಾರ್ಕೆಟಿನಲ್ಲಿ, ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕಿದ್ದಾರೆಯೇ ಎಂದು ಪಕ್ಕದ ಮನೆಯವರಿಗೆ ಡಬ್ಬಿಯ ಮೇಲಿನ ಫ್ರೆಂಚ್ ಓದಿ ಹೇಳುತ್ತಿದ್ದೆ. ಹಿಂದಿನಿಂದ ಒಬ್ಬರು, "ಮೇಡಂ, ನಿಮಗೆ ಫ್ರೆಂಚ್ ಬರ್ತದಾ? ಎಂತ ಮಾರಾಯ್ರೆ, ನಾನು ಊರೆಲ್ಲ ಹುಡುಕ್ತಾ ಇದ್ದೇನೆ, ನೀವಿಲ್ಲಿ ಚೀಸಿಗೆ ಫ್ರೆಂಚ್ ಖರ್ಚು ಮಾಡ್ತಾ ಇದ್ದೀರಿ!" ಎಂದರು. ಅವರೇ ಲೋಬೊ ಸರ್. ಮಂಗಳೂರಿನವರು, ಆಫೀಸಿನ ಯಜಮಾನರು.

ನಮ್ಮವರು ಒಂದೇ ಮಾತು ಹೇಳಿದರು: "ಹೋಗು. ಮಧ್ಯಾಹ್ನದ ಊಟಕ್ಕೆ ವಾಪಸ್ ಬಾ." ಹಾಗೆ ಅರ್ಧ ದಿನದ ಕೆಲಸ ಶುರುವಾಯಿತು. ಇಪ್ಪತ್ತು ವರ್ಷ ದಾಟಿದರೂ ಅದು ಅರ್ಧ ದಿನದ್ದಾಗಿಯೇ ಉಳಿಯಿತು.

ಲೋಬೊ ಸರ್ ಮೇಲಧಿಕಾರಿಯಾಗಿ ಕೆಟ್ಟವರಲ್ಲ, ಆತುರದವರು. ಗಿರಾಕಿಗೆ ಬೇಕಾದದ್ದು ವೃಕ್ಷ, ಬೇರಲ್ಲ ಎಂಬುದು ಅವರ ಸಿದ್ಧಾಂತ. ತಮ್ಮ ಹೆಸರಿನ ಬಗ್ಗೆಯೂ ಅವರಿಗೆ ಕಟ್ಟುಕತೆಗಳೇನಿರಲಿಲ್ಲ. "ಪೋರ್ಚುಗೀಸ್ ಪಾದ್ರಿ ನಮ್ಮ ಅಜ್ಜನ ಅಜ್ಜನಿಗೆ ಜ್ಞಾನಸ್ನಾನ ಕೊಟ್ಟು ಇಟ್ಟ ಹೆಸರಿದು. ತೋಳ ಅಂತ ಅರ್ಥ. ನೋಡಿ ಈ ಹೊಟ್ಟೆ, ಇದು ತೋಳನ ಹೊಟ್ಟೆಯಾ?" ಎಂದು ತಟ್ಟಿ ನಗುತ್ತಿದ್ದರು. ನನ್ನದು ಇನ್ನೊಂದು ಕಥೆ. ಮೈಸೂರು ಕಡೆಯ ನಮಗೆ ಮನೆತನದ ಹೆಸರೇ ಇಲ್ಲ. ಹೆಸರಿನ ಮುಂದೆ ಎರಡು ಅಕ್ಷರ, ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿನ ಕಾಲಮ್ಮು ತುಂಬಿಸಲೆಂದು ಅಪ್ಪನ ಹೆಸರು ಸರ್‌ನೇಮ್ ಆಗಿ, ಇಲ್ಲಿ ಆಸ್ಪತ್ರೆಯಿಂದ ಬ್ಯಾಂಕಿನವರೆಗೆ ಎಲ್ಲರೂ ನನ್ನನ್ನು "ಮಿಸೆಸ್ ರಾಮಸ್ವಾಮಿ" ಎಂದು ಕೂಗುತ್ತಿದ್ದರು. ನಮ್ಮವರು, "ನಿಮ್ಮಪ್ಪನ್ನೇ ಮದುವೆಯಾದ ಹಾಗಾಯ್ತಲ್ಲೇ" ಎಂದು ರೇಗಿಸುತ್ತಿದ್ದರು.

ಈ ಕೆಲಸದಲ್ಲಿ ಹೆಸರನ್ನು ಹಿಂದುಹಿಂದಕ್ಕೆ ಹಿಡಿದು ಹೋಗಬೇಕು. ಮಗನ ಜನನದ ದಾಖಲೆಯಲ್ಲಿ ತಂದೆ ಸಿಗುತ್ತಾನೆ, ತಂದೆಯ ಮದುವೆಯ ದಾಖಲೆಯಲ್ಲಿ ತಾತ, ತಾತನ ಚರ್ಚಿನ ಪುಸ್ತಕದಲ್ಲಿ ಮುತ್ತಾತ. ನಾನು ಸೇರಿದ ಕಾಲಕ್ಕೆ ಫ್ರಾನ್ಸಿನ ಪಟ್ಟಣಗಳಿಗೆ ಕಾಗದ ಬರೆದು, ಅಂಚೆಗೆ ಹಾಕಿ, ಉತ್ತರ ಬರುವಷ್ಟರಲ್ಲಿ ಗಿರಾಕಿಯ ವೀಸಾ ಮುಗಿದು ಅವನು ಊರಿಗೆ ಹೋಗಿರುತ್ತಿದ್ದ. ಆಮೇಲೆ ಹಳೆಯ ಪುಟಗಳೆಲ್ಲ ಕಂಪ್ಯೂಟರಿನಲ್ಲೇ ಕಾಣಿಸತೊಡಗಿದವು. ಆಮೇಲೆ ಎಂಜಲು ಕಳಿಸುವ ಡಬ್ಬಿಗಳು ಬಂದವು. ಪುಟ್ಟ ಕೊಳವೆಯೊಳಗೆ ಉಗಿದು ಅಂಚೆಗೆ ಹಾಕಿದರೆ, ಡಿಎನ್‌ಎ ನೋಡಿ ನೀವು ಯಾರು, ಯಾವ ಕಡೆಯ ರಕ್ತ ಎಂದು ಹೇಳುತ್ತಾರೆ. ಮೊದಲ ಡಬ್ಬಿ ಆಫೀಸಿಗೆ ಬಂದ ದಿನ ಲೋಬೊ ಸರ್ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇಷ್ಟು ದಿನ ನಾವು ಎಂತಕ್ಕೆ ಕಣ್ಣು ಹಾಳು ಮಾಡಿಕೊಂಡದ್ದು? ಉಗಿದರೆ ಸಾಕಿತ್ತಲ್ಲ!" ಎಂದರು.

ಗಿರಾಕಿಗಳು ಖುಷಿಯಾಗಿ ಹೋಗುತ್ತಿದ್ದರೆಂದುಕೊಳ್ಳಬೇಡಿ. ಒಬ್ಬ ಹೋಟೆಲ್ ಮ್ಯಾನೇಜರರಿದ್ದರು. ತಮ್ಮದು ಜಮೀನುದಾರರ ವಂಶ ಎಂದು ನಂಬಿದ್ದರು. ಹುಡುಕುತ್ತ ಹೋದರೆ ಆ ಹೆಸರು ಆಶ್ರಮವೊಂದರ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಮಗುವಿನದು. ಮಗು ಸಿಕ್ಕ ತಿಂಗಳನ್ನೇ ಹೆಸರಾಗಿ ಇಟ್ಟಿದ್ದರು. ಫೋನ್ ಮಾಡಿ ಹೇಳಿದೆ. ಅವರು ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಫ್ರೇಮ್ ಹಾಕಿಸಿದ ವೃಕ್ಷವನ್ನು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಎರಡು ಬೇಸಿಗೆ ಅದು ಗೋಡೆಗೆ ಮುಖ ಮಾಡಿ ನಿಂತಿತ್ತು.

ಬೊನ್ವಾಂ ಅವರ ಕೆಲಸ ಮೊದಲು ಈಮೇಲಿನಲ್ಲಿ ಬಂತು. "ನನ್ನ ಮನೆತನದ ಹೆಸರು ಬೊನ್ವಾಂ. ಇದರ ಮೂಲ ತಿಳಿಯಬೇಕು" ಎಂಬ ಎರಡು ಸಾಲು, ಕೊನೆಗೆ ಮಸ್ಕತ್ತಿನ ಫೋನ್ ನಂಬರು. ಬೊನ್ವಾಂ ಎಂದರೆ ಒಳ್ಳೆ ಗಾಳಿ. ಮೈಸೂರಿನವಳಾದ ನನಗೆ ಹೆಸರು ಕಂಡರೆ ಹಿಂದೆ ಒಂದು ಊರಿರಬೇಕು ಎನ್ನುವ ಅಭ್ಯಾಸ. ಹುಡುಕಿದೆ, ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ಗಾಳಿಯಂತ್ರವಿದ್ದ ಒಂದು ಹಳ್ಳಿ ಸಿಕ್ಕಿತು, ಅಲ್ಲಿ ಆ ಹೆಸರಿನ ನಾವಿಕರೂ ಸಿಕ್ಕರು. ಗಿರಾಕಿಯ ತಂದೆ ತಾಯಿಯಿಂದ ಶುರುಮಾಡಿ ನೋಡಬೇಕು ಎಂದೆ. ಲೋಬೊ ಸರ್ ಕೇಳಲಿಲ್ಲ. ಗಿರಾಕಿಯನ್ನು ನೋಡುವ ಮೊದಲೇ ಹಡಗು, ಹಾಯಿ, ಹಗ್ಗ ಬರೆಸಿ ವೃಕ್ಷಕ್ಕೆ ಫ್ರೇಮ್ ಹಾಕಿಸಿಬಿಟ್ಟರು.

ಮೊಸ್ಯೋ ಬೊನ್ವಾಂ ಬಂದರು. ಮೊಸ್ಯೋ ಎಂದರೆ ಫ್ರೆಂಚರ ಶ್ರೀಯುತ. ಎತ್ತರದ, ಕಪ್ಪು ಬಣ್ಣದ ಮುದುಕರು. ಕೂದಲು ಪೂರ್ತಿ ಬೆಳ್ಳಗೆ. ಎಡಗೈ ಮೊಣಕೈಯ ಒಳಗೆ ಹತ್ತಿಯ ಪಟ್ಟಿ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಎಂದು ಆಮೇಲೆ ಗೊತ್ತಾಯಿತು. ಜೊತೆಗೆ ಮಗಳು ಎಲೀಜ್, ಇಲ್ಲಿನ ಹೋಟೆಲೊಂದರಲ್ಲಿ ಕೇಕು ಬ್ರೆಡ್ಡು ಮಾಡುವವಳು. ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು. ಅವರು ಫ್ರೇಮಿನ ಮುಂದೆ ನಿಂತು, ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಚೆನ್ನಾಗಿದೆ ಮದಾಮ್. ಇವರಲ್ಲಿ ಯಾರು ನನ್ನ ಹಾಗೆ ಕಾಣುತ್ತಾರೆ ಹೇಳಿ."

ನಾನು ತಲೆ ತಗ್ಗಿಸಿದೆ. ಲೋಬೊ ಸರ್ ಕನ್ನಡದಲ್ಲಿ, "ಎಂತ ಹೇಳಿದ್ರು? ಸೈಜು ದೊಡ್ಡದಾಯ್ತಂತಾ?" ಎಂದು ಕೇಳಿದರು.

ಆಗ ಅವರು ಕೂತು ಎಲ್ಲ ಹೇಳಿದರು. ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್ ಎಂಬ ಫ್ರೆಂಚ್ ದ್ವೀಪದವರು ಅವರು. ಉಪ್ಪುನೀರನ್ನು ಸಿಹಿ ಮಾಡುವ ಕಾರ್ಖಾನೆಗೆ ಎಂಜಿನಿಯರಾಗಿ ಒಮಾನಿಗೆ ಬಂದು, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇಲ್ಲೇ ಉಳಿದವರು. ಅವರ ಅಜ್ಜನ ಅಜ್ಜ ಆ ದ್ವೀಪದ ಕಬ್ಬಿನ ತೋಟದಲ್ಲಿ ಗುಲಾಮ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಗುಲಾಮರಿಗೆಲ್ಲ ಬಿಡುಗಡೆಯಾದಾಗ, ಮನೆತನದ ಹೆಸರಿಲ್ಲದವರಿಗೆ ಹೆಸರಿಡಲು ಸರ್ಕಾರದ ಗುಮಾಸ್ತ ತೋಟದಿಂದ ತೋಟಕ್ಕೆ ತಿರುಗಿದ. ಬೊನ್ವಾಂ ಆವತ್ತಿನ ಹೆಸರು.

"ನನಗೆ ಹೆಚ್ಚು ಕಾಲವಿಲ್ಲ" ಎಂದರು. ಸಿಟ್ಟಿನಿಂದಲ್ಲ, ಬಸ್ಸಿನ ಹೊತ್ತು ಹೇಳುವವರ ಹಾಗೆ. "ಆ ಗುಮಾಸ್ತ ಕೊಟ್ಟ ಹೆಸರಿನ ಕೆಳಗೆ ನನ್ನನ್ನು ಹೂಳುವುದು ಬೇಡ. ಅದಕ್ಕಿಂತ ಮುಂಚಿನ ಹೆಸರು ಬೇಕು. ಒಂದು ಊರಿನದಾಗಲಿ, ಅವನ ತಾಯಿ ಕರೆದದ್ದಾಗಲಿ. ಕಲ್ಲಿನ ಮೇಲೆ ಅದನ್ನು ಬರೆಯಬೇಕು."

ಎಲೀಜ್ ಗೋಡೆಯ ಕಡೆ ತಿರುಗಿಕೊಂಡಳು.

ಫ್ರೇಮನ್ನು ಲೋಬೊ ಸರ್ ತಾವೇ ಇಳಿಸಿದರು. ಹಣ ಬೇಡ ಎಂದರು. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ.

ರಿಯೂನಿಯನ್ನಿನಲ್ಲಿ ನಮ್ಮ ಹಾಗೇ ಕೆಲಸ ಮಾಡುವ ಮದಾಮ್ ಕ್ಲೇರ್ ಎಂಬಾಕೆ ಇದ್ದರು. ಮುಖ ನೋಡಿದ್ದಿಲ್ಲ, ಫೋನಿನಲ್ಲಿ ಹಿಂದಿನಿಂದ ಸದಾ ಒಂದು ಕೋಳಿ ಕೂಗುತ್ತಿತ್ತು. ಅವರಿಗೆ ಹೇಳಿದೆ. ಕೆಲವು ದಿನ ಬಿಟ್ಟು ಕರೆ ಮಾಡಿದರು. ಗುಮಾಸ್ತ ತೋಟಕ್ಕೊಂದು ವಿಷಯ ಆರಿಸಿಕೊಂಡಿದ್ದನಂತೆ. ಒಂದು ತೋಟದವರಿಗೆಲ್ಲ ಹೂವಿನ ಹೆಸರು. ಇನ್ನೊಂದು ತೋಟದವರಿಗೆ ಅಡುಗೆಮನೆಯ ಪಾತ್ರೆಗಳದು. ಈ ತೋಟಕ್ಕೆ ಬರುವಷ್ಟರಲ್ಲಿ ಗಾಳಿ ನೆನಪಾಗಿರಬೇಕು: ಮೂಡಗಾಳಿ, ತೆಂಕಗಾಳಿ, ಸಂಜೆಗಾಳಿ, ಒಳ್ಳೆ ಗಾಳಿ. ಸಾಲಾಗಿ ನಿಂತವರಿಗೆ ಸಾಲಾಗಿ.

"ಅದಕ್ಕೂ ಮೊದಲು?" ಎಂದೆ.

"ಅದಕ್ಕೂ ಮೊದಲು ಫೆಲಿಕ್ಸ್. ಅದು ಧಣಿ ಇಟ್ಟದ್ದು. ತಂದೆ ತಾಯಿ ಗೊತ್ತಿಲ್ಲ ಅಂತಿದೆ. ಅಷ್ಟೇ ವಸುಧಾ, ಮುಂದೆ ಇಲ್ಲ."

ನಾನು ಫ್ರಾನ್ಸಿನ ಹೆಸರುಗಳನ್ನು ಹಿಂದಕ್ಕೆ ಹಿಡಿದು ಹೋಗುತ್ತಿದ್ದಾಗ, ದಾರಿ ಸವೆದುಹೋಗಿ ನಿಂತದ್ದುಂಟು. ಪುಸ್ತಕ ಹುಳ ತಿಂದಿರುತ್ತದೆ, ಚರ್ಚು ಸುಟ್ಟಿರುತ್ತದೆ. ಅಲ್ಲೆಲ್ಲ ಹಿಂದೆ ಏನೋ ಇದೆ, ನಮಗೆ ಕಾಣುತ್ತಿಲ್ಲ ಎನ್ನುವ ಸಮಾಧಾನವಿರುತ್ತದೆ. ಇಲ್ಲಿ ಹಾಗಲ್ಲ. ಒಬ್ಬ ಮನುಷ್ಯ ಹೆಸರು ಹೇಳಲು ಬಾಯಿಬಿಡುವ ಮೊದಲೇ ಇನ್ನೊಬ್ಬ ಬರೆದುಕೊಂಡು ಮುಂದೆ ಹೋಗಿದ್ದ. ಅವತ್ತು ಮನೆಗೆ ಬಂದು ಹುಳಿಗೆ ಉಪ್ಪು ಹಾಕುವುದನ್ನು ಮರೆತೆ. ನಮ್ಮವರು ಸುಮ್ಮನೆ ಉಪ್ಪಿನಕಾಯಿ ಕಲಸಿಕೊಂಡು ಉಂಡೆದ್ದರು.

ಎಂಜಲ ಡಬ್ಬಿಯನ್ನೂ ಕಳಿಸಿದೆವು. ಫಲಿತಾಂಶ ಬಂದ ದಿನ ಎಲೀಜ್ ಲ್ಯಾಪ್‌ಟಾಪ್ ತೆರೆದು ನನಗೆ ತೋರಿಸಿದಳು. ಭೂಪಟದ ಮೇಲೆ, ಆಫ್ರಿಕಾದ ಪೂರ್ವ ಕರಾವಳಿಯ ಉದ್ದಕ್ಕೂ ಹಸಿರು ಬಣ್ಣ ಚೆಲ್ಲಿದ ಹಾಗೆ. ಮಡಗಾಸ್ಕರಿನ ಮೇಲೆ ಇನ್ನೊಂದಿಷ್ಟು. ಮೊಸ್ಯೋ ಬೊನ್ವಾಂ ಬಹಳ ಹೊತ್ತು ನೋಡಿದರು.

"ಇದು ಎಷ್ಟು ದೊಡ್ಡದು, ಮದಾಮ್?"

"ನಮ್ಮ ದೇಶದ ಕರಾವಳಿಯಷ್ಟಾದರೂ ಇದ್ದೀತು."

"ಇದರಲ್ಲಿ ನಮ್ಮ ಮನೆ ಎಲ್ಲಿ?" ಎಂದು ಕೇಳಿ, ಅವರೇ ಮುಚ್ಚಳ ಮುಚ್ಚಿದರು.

ಉಳಿದದ್ದು ಒಂದು ಮಾತು. ಅವರ ಅಜ್ಜಿ ಹೇಳುತ್ತಿದ್ದ ಮಾತು, ಅಜ್ಜಿಗೆ ಅವಳ ಅತ್ತೆ ಹೇಳಿದ್ದು: ಫೆಲಿಕ್ಸ್ ಹುಡುಗನಾಗಿದ್ದಾಗ ಬಂದದ್ದು ಅರಬರ ಹಾಯಿಹಡಗಿನಲ್ಲಿ, ಹಡಗು ಒಮಾನಿನ ಸೂರ್ ಬಂದರಿನದು, ಹಡಗಿನ ಒಡೆಯರು ಇಂಥ ಬುಡಕಟ್ಟಿನವರು. ಬುಡಕಟ್ಟಿನ ಹೆಸರನ್ನು ಅಜ್ಜಿ ಜಪದ ಹಾಗೆ ಹೇಳಿಕೊಡುತ್ತಿದ್ದಳಂತೆ. ಒಮಾನಿಗೆ ಕೆಲಸಕ್ಕೆ ಬಂದಾಗ, ರಸ್ತೆಯಲ್ಲಿ ಅಂಗಡಿಯೊಂದರ ಬೋರ್ಡಿನ ಮೇಲೆ ಅದೇ ಹೆಸರು ಕಂಡು ಅವರು ಕಾರು ನಿಲ್ಲಿಸಿಬಿಟ್ಟಿದ್ದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಮನೆಯಲ್ಲಿ ನಾನು ಕಾಫಿ ಕುಡಿದಿದ್ದೇನೆ.

ಲೋಬೊ ಸರ್‌ಗೆ ಎಲ್ಲ ಕಡೆ ಪರಿಚಯ. ಒಳನಾಡಿನ ಇಬ್ರಾ ಊರಿನಲ್ಲಿ ಆ ಮನೆತನದ ಹಿರಿಯರೊಬ್ಬರಿದ್ದಾರೆ, ಹಳೆಯ ಹಡಗುಗಳ ವಿಷಯವೆಲ್ಲ ಬಾಯಲ್ಲೇ ಇದೆ ಎಂದು ತಿಳಿದುಕೊಂಡು ಬಂದರು. "ನೋಡುವ, ಅಲ್ಲಿಯಾದ್ರೂ ಎಂತಾದ್ರೂ ಸಿಗ್ತದಾ ಅಂತ" ಎಂದು ಶುಕ್ರವಾರ ಬೆಳಿಗ್ಗೆ ತಮ್ಮ ಕಾರಿನಲ್ಲೇ ಹೊರಡಿಸಿದರು. ಮುಂದೆ ಅವರು ಮತ್ತು ಮೊಸ್ಯೋ ಬೊನ್ವಾಂ, ಹಿಂದೆ ನಾನು ಮತ್ತು ಎಲೀಜ್. ಅವಳ ಮಡಿಲಲ್ಲಿ ತಾನೇ ಮಾಡಿದ ಬಾದಾಮಿ ಕೇಕಿನ ಡಬ್ಬ. ದಾರಿಯುದ್ದಕ್ಕೂ ಬೋಳು ಗುಡ್ಡಗಳು. ಮೊಸ್ಯೋ ಬೊನ್ವಾಂ ಹೊಸ ಅಂಗಿ ಹಾಕಿದ್ದರು. ಕಾಲರಿನ ಹಿಂದೆ ಅಂಗಡಿಯವರು ಸಿಕ್ಕಿಸುವ ಪ್ಲಾಸ್ಟಿಕ್ ಚೂರು ಹಾಗೇ ಉಳಿದಿತ್ತು. ತೆಗೆಯಲೇ ಎಂದು ಕೇಳಲು ನನಗೆ ಸಂಕೋಚವಾಯಿತು.

ಆ ಹಿರಿಯರು, ಶೇಖ್ ಸಾಹೇಬರು, ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಬಿಳಿ ಗಡ್ಡ, ಸಣ್ಣ ಮೈಕಟ್ಟು, ಕೋಲಿಲ್ಲದೆ ನೆಟ್ಟಗೆ ನಡೆಯುವವರು. ಹುಡುಗನಾಗಿದ್ದಾಗ ಬೊಂಬಾಯಿ ಬಂದರಿಗೆ ಓಡಾಡಿದ್ದರಿಂದ ಹಿಂದಿ ಚೆನ್ನಾಗಿತ್ತು. ನಾವು ಮಾತಾಡಿದ್ದು ಅದರಲ್ಲೇ. ನಾನು ಫ್ರೆಂಚಿಗೂ ಹಿಂದಿಗೂ ನಡುವೆ ಕೂತೆ. ಒಮಾನಿಗಳಲ್ಲಿ ಬಂದ ಕೂಡಲೇ ವಿಷಯಕ್ಕೆ ಇಳಿಯುವಂತಿಲ್ಲ. ಖರ್ಜೂರ ಬರಬೇಕು, ಹಲ್ವಾ ಬರಬೇಕು, ಕಾಫಿ ಬರಬೇಕು. ಆಮೇಲೆ "ಏನು ಸುದ್ದಿ?" ಎಂದು ಕೇಳುತ್ತಾರೆ. ಏನಿದ್ದರೂ "ಸುದ್ದಿ ಏನೂ ಇಲ್ಲ, ಎಲ್ಲ ಒಳ್ಳೆಯದೇ" ಎನ್ನಬೇಕು. ರಕ್ತ ಶುದ್ಧಿ ಮಾಡಿಸಿಕೊಂಡು ಹಿಂದಿನ ದಿನವಷ್ಟೇ ಎದ್ದು ಬಂದ ಮನುಷ್ಯ, ನಾನು ಹೇಳಿಕೊಟ್ಟಂತೆ, ಎಲ್ಲ ಒಳ್ಳೆಯದೇ ಎಂದರು.

ಕಾಫಿ ಸಾಕೆನಿಸಿದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಅದನ್ನು ಹೇಳಿಕೊಡಲು ನಾವು ಮರೆತಿದ್ದೆವು. ಅವರು ಕುಡಿದು ಮರ್ಯಾದೆಯಿಂದ ಬಟ್ಟಲು ಚಾಚುತ್ತಿದ್ದರು, ಶೇಖ್ ಸಾಹೇಬರು ಮರ್ಯಾದೆಯಿಂದ ತುಂಬುತ್ತಿದ್ದರು. ನೀರು ಅಳೆದು ಕುಡಿಯಬೇಕಾದ ರೋಗಿ. ಎಲೀಜ್ ನನ್ನ ಮೊಣಕೈ ಹಿಂಡುತ್ತಿದ್ದಳು. ಕೊನೆಗೆ ಲೋಬೊ ಸರ್, "ಅಯ್ಯೋ ಮಾರಾಯ್ರೆ, ಅಲ್ಲಾಡಿಸಿ, ಅಲ್ಲಾಡಿಸಿ!" ಎಂದು ಕನ್ನಡದಲ್ಲೇ ಕೂಗಿ ತಮ್ಮ ಖಾಲಿ ಕೈಯನ್ನು ಅಲ್ಲಾಡಿಸಿ ತೋರಿಸಿದರು. ಶೇಖ್ ಸಾಹೇಬರು ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ದಿನದ ನಗು ಅಷ್ಟೇ.

ಮೊಸ್ಯೋ ಬೊನ್ವಾಂ ಹೇಳಿದರು: "ನನ್ನ ಅಜ್ಜನ ಅಜ್ಜ ಹುಡುಗನಾಗಿದ್ದಾಗ ನಿಮ್ಮ ಹಿರಿಯರ ಹಡಗಿನಲ್ಲಿ ಗುಲಾಮನಾಗಿ ಬಂದನಂತೆ. ದೂರು ಹೇಳಲು ಬಂದಿಲ್ಲ. ಅವನನ್ನು ಎಲ್ಲಿಂದ ಹತ್ತಿಸಿಕೊಂಡರು, ಅವನ ಹೆಸರೇನಿತ್ತು, ಇಷ್ಟು ತಿಳಿದರೆ ಸಾಕು."

ಗುಲಾಮ ಎಂಬ ಮಾತಿಗೆ ನಾನು ತಡವರಿಸಿದೆ. ಬೇರೆ ಮೃದುವಾದ ಮಾತಿದೆಯೇ ಎಂದು ಮನಸ್ಸಿನಲ್ಲೇ ಹುಡುಕಿದೆ. ಅವರು ನನ್ನ ಮುಖ ನೋಡಿ, "ಹಾಗೇ ಹೇಳಿ ಮದಾಮ್" ಎಂದರು. ಹಾಗೇ ಹೇಳಿದೆ.

ಶೇಖ್ ಸಾಹೇಬರು ಇಲ್ಲ ಎನ್ನಲಿಲ್ಲ. ಎನ್ನುತ್ತಾರೆಂದು ನಾವೆಲ್ಲ ಸಿದ್ಧವಾಗಿ ಕೂತಿದ್ದೆವು.

"ಹಡಗು ನಮ್ಮದೇ, ತಂಗೀ" ಎಂದರು ನನ್ನ ಕಡೆ ನೋಡಿ. "ಸೂರ್‌ನಿಂದ ಖರ್ಜೂರ ಹೋಗುತ್ತಿತ್ತು. ತಿರುಗಿ ಬರುವಾಗ ಲವಂಗ, ಮರ. ನಡುವೆ ಜನರೂ ಹೌದು. ನನ್ನ ಅಜ್ಜ ನನಗೆ ಕೂತು ಹೇಳಿಕೊಟ್ಟಿದ್ದಾರೆ. ಯಾವ ಹಡಗಿಗೆ ಯಾವ ಹೆಸರು, ಹಡಗು ನಡೆಸುವ ಯಾವ ನಾಖುದ ಯಾರ ಮಗ. ಯಾವ ಖರ್ಜೂರ ಎಷ್ಟು ಮೂಟೆ, ಫರ್ದ್ ಎಷ್ಟು, ನಘಾಲ್ ಎಷ್ಟು, ಖುನೈಝಿ ಎಷ್ಟು. ಈಗಲೂ ಹೇಳಬಲ್ಲೆ." ಮುಂದಿದ್ದ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಆ ಜನರಲ್ಲಿ ಒಬ್ಬರ ಹೆಸರನ್ನೂ ಅಜ್ಜ ಹೇಳಲಿಲ್ಲ. ನಾನೂ ಕೇಳಲಿಲ್ಲ."

ನಾನು ಅನುವಾದಿಸಿದೆ. ಮೊಸ್ಯೋ ಬೊನ್ವಾಂ ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

ಆಗ ಶೇಖ್ ಸಾಹೇಬರು ತಾವು ಕೂತಲ್ಲಿಂದ ಸರಿದು ಬಂದು ಅವರ ಪಕ್ಕ ಕೂತರು. "ಅವನಿಗೆ ಹೇಳು ತಂಗೀ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಿಡುಗಡೆಯಾದವನು ಆ ಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಈ ಊರಲ್ಲೇ ಅಂಥ ಮನೆಗಳಿವೆ. ನಮ್ಮ ಮದುವೆಗೆ ಅವರು, ಅವರ ಸಾವಿಗೆ ನಾವು. ಇವನೂ ನಮ್ಮವನೇ. ನಮ್ಮ ಹೆಸರು ಇಟ್ಟುಕೊಳ್ಳಲಿ. ಊರಿನ ಮುಂದೆ ನಾನೇ ನಿಂತು ಹೇಳುತ್ತೇನೆ. ಅವನ ಕಲ್ಲಿನ ಮೇಲೂ ಇರಲಿ." ಅವರ ಕಣ್ಣು ತುಂಬಿತ್ತು. ಅದು ನಾಟಕವಲ್ಲ. ಅವರ ಹತ್ತಿರ ಇದ್ದದ್ದರಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲ.

ಇಡೀ ಕೋಣೆ ನನ್ನ ಬಾಯಿಯನ್ನೇ ನೋಡುತ್ತಿತ್ತು. ಹೊಸಬರಿಗೆ ಹೇಳುತ್ತೇನೆ, ನಮ್ಮ ಕೆಲಸದಲ್ಲಿ ಇಂಥ ಹೊತ್ತು ಬರುತ್ತದೆ. ಒಂದು ಮಾತು ಕಡಿಮೆ ಮಾಡುವುದಕ್ಕೂ ಹೆಚ್ಚು ಮಾಡುವುದಕ್ಕೂ ನಮಗೆ ಹಕ್ಕಿಲ್ಲ. ಎಷ್ಟಿತ್ತೋ ಅಷ್ಟನ್ನೂ ಹೇಳಿದೆ.

ಮೊಸ್ಯೋ ಬೊನ್ವಾಂ ಶೇಖ್ ಸಾಹೇಬರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇವರಿಗೆ ಹೇಳಿ ಮದಾಮ್. ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಆದರೆ ಒಬ್ಬರು ಕೊಟ್ಟ ಹೆಸರನ್ನು ಬಿಡಲು ನಾನು ಇಷ್ಟು ದೂರ ಬಂದೆ. ಇನ್ನೊಬ್ಬರು ಕೊಟ್ಟದ್ದನ್ನು ಹೊತ್ತುಕೊಂಡು ಹೇಗೆ ಹೋಗಲಿ?"

ಅದನ್ನೂ ಹೇಳಿದೆ. ಶೇಖ್ ಸಾಹೇಬರು ಕೈ ಬಿಡಿಸಿಕೊಳ್ಳಲಿಲ್ಲ. "ಬೇರೆ ಏನಿದೆ ನನ್ನ ಹತ್ತಿರ, ಕೊಡಲಿಕ್ಕೆ?" ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಇಬ್ಬರೂ ಮುದುಕರು ಹಾಗೇ ಕೂತಿದ್ದರು. ಎಲೀಜಳ ಕೇಕು ಯಾರೂ ಮುಟ್ಟದೆ ತಟ್ಟೆಯಲ್ಲಿತ್ತು. ಅದರ ಮೇಲೆ ಒಂದು ನೊಣ ಬಂದು ಕೂತು ಎದ್ದು ಹೋಯಿತು.

ವಾಪಸ್ ಹೊರಟೆವು. ಲೋಬೊ ಸರ್‌ಗೆ ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ, "ತಗೊಳ್ಳಬಹುದಿತ್ತಲ್ಲ ಮೇಡಂ? ಅಷ್ಟು ದೊಡ್ಡ ಮನುಷ್ಯ, ಅಷ್ಟು ಪ್ರೀತಿಯಿಂದ ಕೊಟ್ಟದ್ದು. ನಮ್ಮ ಅಜ್ಜ ಪಾದ್ರಿ ಕೊಟ್ಟದ್ದನ್ನು ತಗೊಳ್ಳಲಿಲ್ವಾ? ನಾವೆಂತ ಸತ್ತುಹೋದೆವಾ?" ಎಂದರು.

ಏನು ಹೇಳಿದರೆಂದು ಮೊಸ್ಯೋ ಬೊನ್ವಾಂ ಕೇಳಿದರು. ಹೇಳಿದೆ. ಅವರು ಮುಂದಿನ ಸೀಟಿನಿಂದಲೇ ನನ್ನ ಕಡೆ ಕತ್ತು ತಿರುಗಿಸಿದರು.

"ಪಾದ್ರಿ ಬರುವುದಕ್ಕೆ ಮೊದಲು ಅವರ ಅಜ್ಜನ ಮನೆಗೆ ಏನು ಹೆಸರಿತ್ತು, ಕೇಳಿ."

"ಪ್ರಭು ಅಂತೆ" ಎಂದರು ಲೋಬೊ ಸರ್, ಕೇಳಿದ ಕೂಡಲೇ. "ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಗೋವೆಯಲ್ಲಿ ಮೂಲದ ಊರೂ ಉಂಟು, ಒಮ್ಮೆ ಹೋಗಿ ಬಂದಿದ್ದೇವೆ."

ನಾನು ಅನುವಾದಿಸಿದೆ.

"ಹಾಗಾದರೆ ಅವರಿಗೆ ಗೊತ್ತಿದೆ" ಎಂದರು ಮೊಸ್ಯೋ ಬೊನ್ವಾಂ, ಕಿಟಕಿಯ ಕಡೆ ತಿರುಗಿ.

ಲೋಬೊ ಸರ್ ಮುಖ ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಅವರು ಗೇರು ಬದಲಿಸಿ ರಸ್ತೆ ನೋಡತೊಡಗಿದರು. ಆ ಮೇಲೆ ಆಫೀಸಿನಲ್ಲಿ ತೋಳನ ಜೋಕು ಕೇಳಲಿಲ್ಲ.

ನಾನು ಬಿಡಲಿಲ್ಲ ಎಂದು ಹೇಳಿಕೊಳ್ಳಬಹುದು. ಮದಾಮ್ ಕ್ಲೇರ್ ಅವರನ್ನು ಮತ್ತೆ ಮತ್ತೆ ಕಾಡಿದೆ, ಅದೇ ತೋಟದ ಉಳಿದ ಗಾಳಿಗಳ ವಂಶದವರನ್ನು ಹುಡುಕಿಸಿದೆ. ಸಂಜೆಗಾಳಿಯ ಮನೆಯ ಒಬ್ಬ ಹೆಂಗಸು ಸಿಕ್ಕಳು. ಅವಳು ಫೋನಿನಲ್ಲಿ, "ನಿಮಗೇನಾದರೂ ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ" ಎಂದಳು. ಎಲ್ಲರೂ ಇನ್ನೊಬ್ಬರನ್ನು ಕಾಯುತ್ತಿದ್ದರು. ಹುಡುಕಿದಷ್ಟೂ ಸಿಗುತ್ತದೆ ಎಂದು ಈ ಕೆಲಸದವರು ಹೇಳುತ್ತಾರಲ್ಲ, ನಂಬಬೇಡಿ. ಕೆಲವು ಕಡೆ ಏನೂ ಇಲ್ಲ. ಇಲ್ಲ ಎಂದು ಖಚಿತವಾಗುವಷ್ಟು ಹುಡುಕುವುದೇ ನಮ್ಮ ಪಾಲಿನ ಕೆಲಸ, ಅದಕ್ಕೆ ಸಂಬಳ.

ಮೊಸ್ಯೋ ಬೊನ್ವಾಂ ಆಗಾಗ ಡಯಾಲಿಸಿಸ್ ಮುಗಿಸಿ ಮನೆಗೆ ಹೋಗುವಾಗ ಆಫೀಸಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸಿಕ್ಕಿತೇ ಎಂದು ಕೇಳುತ್ತಿರಲಿಲ್ಲ. ಕೂತು, ನನ್ನ ಮೇಜಿನ ಮೇಲಿನ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿ, ಎದ್ದು ಹೋಗುತ್ತಿದ್ದರು. ಆಮೇಲೆ ಮೆಟ್ಟಿಲು ಹತ್ತಲಾಗದೆ ಕೆಳಗೆ ಕಾರಿನಲ್ಲೇ ಕೂತು ಮಗಳನ್ನು ಕಳಿಸತೊಡಗಿದರು. ಆಮೇಲೆ ಅವಳೊಬ್ಬಳೇ ಬಂದಳು, ತಂದೆಯ ಪಾಸ್‌ಪೋರ್ಟ್ ಹಿಡಿದುಕೊಂಡು.

ಅವರನ್ನು ಮಸ್ಕತ್ತಿನಲ್ಲೇ ಹೂಳುವುದೆಂದಾಯಿತು. ಮರಣದ ಕಾಗದಗಳಿಗೆ ಸರ್ಕಾರಿ ಕೌಂಟರಿಗೆ ನಾನು ಜೊತೆಗೆ ಹೋದೆ. ಕೌಂಟರಿನಲ್ಲಿ ಕೂತಿದ್ದ ಒಮಾನಿ ಹುಡುಗಿಗೆ ನಮ್ಮ ಮಗಳ ವಯಸ್ಸು. ಕಣ್ಣಿಗೆ ಅಚ್ಚುಕಟ್ಟಾಗಿ ಕಾಡಿಗೆ. ಎಲೀಜಳ ಮುಖ ನೋಡಿ ಮೊದಲು ನೀರಿನ ಬಾಟಲಿ ಕೊಟ್ಟಳು, ಆಮೇಲೆ ಪಾಸ್‌ಪೋರ್ಟ್ ತೆಗೆದುಕೊಂಡಳು.

"ಮನೆತನದ ಹೆಸರಿನ ಜಾಗ ಖಾಲಿ ಬಿಡಲು ಹೇಳಿ" ಎಂದಳು ಎಲೀಜ್ ನನಗೆ. "ಅಪ್ಪ ಹೇಳಿದ್ದರು, ಏನೂ ಸಿಗದಿದ್ದರೆ ಖಾಲಿ ಬಿಡು ಅಂತ."

ನನ್ನ ಹರಕು ಅರಬ್ಬಿಯಲ್ಲಿ ಕೇಳಿದೆ. ಹುಡುಗಿ ಪ್ರಯತ್ನಿಸಿದಳು, ನಿಜವಾಗಿ ಪ್ರಯತ್ನಿಸಿದಳು. ಕಂಪ್ಯೂಟರು ಮುಂದಕ್ಕೆ ಹೋಗಲಿಲ್ಲ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. "ಸಾರಿ ಸಿಸ್ಟರ್, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಇಲ್ಲದಿದ್ದರೆ ಹೂಳುವುದಕ್ಕೆ ಅನುಮತಿ ಬರುವುದಿಲ್ಲ. ಕಲ್ಲಿನ ಮೇಲೂ ಇದೇ ಹೆಸರು ಬರುತ್ತದೆ."

ಎಲೀಜ್‌ಗೆ ಫ್ರೆಂಚಿನಲ್ಲಿ ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಅರಬ್ಬಿಯಲ್ಲಿ ಅದನ್ನು ಹೇಗೆ ಬರೆಯಬೇಕೆಂದು ನಾನು ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಹುಡುಗಿ ಟೈಪ್ ಮಾಡಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಈ ಹೆಸರಿಗೆ ಅರ್ಥ ಇದೆಯಾ?" ಎಂದು ನನ್ನನ್ನು ಕೇಳಿದಳು, ದುಃಖದಲ್ಲಿರುವವರ ಜೊತೆ ಏನಾದರೊಂದು ಒಳ್ಳೆಯ ಮಾತಾಡಬೇಕೆಂದು.

"ಒಳ್ಳೆ ಗಾಳಿ" ಎಂದೆ.

"ಮಾಶಾ ಅಲ್ಲಾ" ಎಂದಳು. "ಎಷ್ಟು ಚೆಂದದ ಹೆಸರು. ಹಿರಿಯರು ಪ್ರೀತಿಯಿಂದ ಇಟ್ಟಿರಬೇಕು."

ಏನಂದಳು ಎಂದು ಎಲೀಜ್ ನನ್ನನ್ನು ಕೇಳಿದಳು.

ಅನುವಾದ ಮಾಡಿ ಹೇಳಿದೆ.